ಅಚ್ಚು ತಪ್ಪಿದ ಸಿಕ್ಕಾ

ನಿಕಾಹ್ ನಾಮಾದಲ್ಲಿ ಮೆಹರ್ ಮೊತ್ತದ ಪಕ್ಕದಲ್ಲಿ ಖಾಝಿ ಸಾಹೇಬರು ಒಂದು ಮಾತು ಸೇರಿಸುವುದನ್ನು ನಮ್ಮ ಸಹೋದರಿಯರಲ್ಲಿ ಹಲವರು ಕೇಳಿರಬಹುದು. 'ಸಿಕ್ಕಾ ರಾಯಿಜುಲ್ ವಕ್ತ್', ಅಂದರೆ ಆ ಕಾಲಕ್ಕೆ ಚಲಾವಣೆಯಲ್ಲಿರುವ ನಾಣ್ಯ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ಮನೆಗಳಲ್ಲಿ ಈ ಮಾತಿಗೆ ಒಂದು ತೂಕವಿತ್ತು. ಏಕೆಂದರೆ ಇಲ್ಲಿ ಒಂದೇ ಕಾಲದಲ್ಲಿ ನಿಜಾಮರ ಹಾಲಿ ರೂಪಾಯಿಯೂ ಓಡುತ್ತಿತ್ತು, ಪಕ್ಕದ ಸೊಲ್ಲಾಪುರದ ಕಡೆಯಿಂದ ಬಂದ ಬ್ರಿಟಿಷರ ಕಲ್ದಾರ್ ರೂಪಾಯಿಯೂ ಓಡುತ್ತಿತ್ತು. ಎರಡರ ಬೆಲೆ ಒಂದೇ ಆಗಿರಲಿಲ್ಲ. ಆರು ಕಲ್ದಾರ್ ರೂಪಾಯಿಗೆ ಏಳು ಹಾಲಿ ರೂಪಾಯಿ. ಮೆಹರ್ ಯಾವುದರಲ್ಲಿ ಎಂದು ಬರೆಯದಿದ್ದರೆ ನಷ್ಟ ಹೆಣ್ಣುಮಗಳಿಗೆ.

ಸಿಕ್ಕಾ ಎಂದರೆ ನಮಗೆಲ್ಲ ನಾಣ್ಯ. ಆದರೆ ಅರಬಿ ಭಾಷೆಯಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿದೆ. ನಾಣ್ಯವನ್ನು ಒತ್ತುವ ಕಬ್ಬಿಣದ ಅಚ್ಚಿಗೂ ಸಿಕ್ಕಾ ಎಂದೇ ಹೆಸರು. ಅಚ್ಚಿನ ಹೆಸರು ಅದರಿಂದ ಹುಟ್ಟಿದ ವಸ್ತುವಿಗೆ ಬಂತು. ಒಬ್ಬ ಸುಲ್ತಾನನು ಸುಲ್ತಾನನೆಂದು ಗೊತ್ತಾಗುತ್ತಿದ್ದದ್ದು ಎರಡರಿಂದ: ಜುಮಾ ಖುತ್ಬಾದಲ್ಲಿ ಅವನ ಹೆಸರು, ಸಿಕ್ಕಾದ ಮೇಲೆ ಅವನ ಹೆಸರು. ಇಷ್ಟು ಮಹತ್ವದ ಆ ಅಚ್ಚು ಒಮ್ಮೊಮ್ಮೆ ತಪ್ಪುತ್ತಿತ್ತು. ಕೈ ಜಾರುತ್ತಿತ್ತು, ಅಕ್ಷರ ಬಿಟ್ಟುಹೋಗುತ್ತಿತ್ತು, ಹೆಸರಿನ ಅರ್ಧ ಭಾಗ ನಾಣ್ಯದ ಆಚೆಗೆ ಬೀಳುತ್ತಿತ್ತು. ನಮ್ಮ ಅಜ್ಜಿಯರ ಪೆಟ್ಟಿಗೆಯ ತಳದಲ್ಲಿ ಬಟ್ಟೆಗಂಟಿನಲ್ಲಿ ಉಳಿದುಕೊಂಡ ಸೊಟ್ಟ ಬಿಲ್ಲೆಗಳಲ್ಲಿ ಅಂಥವೂ ಇರುತ್ತವೆ. ಅವನ್ನು 'ಕೆಟ್ಟ ನಾಣ್ಯ' ಎಂದು ಹಳೆಯ ಪಾತ್ರೆಯವನಿಗೋ, ತೂಕದ ಲೆಕ್ಕದಲ್ಲಿ ಅಕ್ಕಸಾಲಿಗನಿಗೋ ಕೊಟ್ಟುಬಿಡುವುದು ರೂಢಿ. ಈ ಲೇಖನ ಆ ಬಿಲ್ಲೆಗಳ ಬಗ್ಗೆ.

ರೋಮನ್ ಟಂಕಸಾಲೆಯ ಕೈತಪ್ಪುಗಳು

ನಾಣ್ಯ ತಪ್ಪುವುದು ಹೇಗೆ ಎಂದು ತಿಳಿಯಲು ಎರಡು ಸಾವಿರ ವರ್ಷ ಹಿಂದಿನ ರೋಮ್‌ಗೆ ಹೋಗಬೇಕು. ಅಲ್ಲಿನ ತಪ್ಪು ನಾಣ್ಯಗಳನ್ನು ಜಗತ್ತಿನ ವಿದ್ವಾಂಸರು ಬಹಳ ಪ್ರೀತಿಯಿಂದ ಅಭ್ಯಾಸ ಮಾಡಿದ್ದಾರೆ.

ಆಗ ಯಂತ್ರವಿರಲಿಲ್ಲ. ಒಂದು ಅಚ್ಚನ್ನು ಅಡಿಗಲ್ಲಿನಲ್ಲಿ ಭದ್ರವಾಗಿ ಕೂರಿಸುತ್ತಿದ್ದರು. ಸಾಮಾನ್ಯವಾಗಿ ಅದರಲ್ಲಿ ಚಕ್ರವರ್ತಿಯ ಮುಖವಿರುತ್ತಿತ್ತು. ಅದರ ಮೇಲೆ ಕಾಯಿಸಿದ ಬೆಳ್ಳಿಯ ಬಿಲ್ಲೆ. ಬಿಲ್ಲೆಯ ಮೇಲೆ ಇನ್ನೊಂದು ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಒಂದು ಏಟು. ಬಿಲ್ಲೆ ತೆಗೆ, ಇನ್ನೊಂದು ಇಡು, ಮತ್ತೊಂದು ಏಟು. ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ. ದೊಡ್ಡ ದಾವತ್ತಿನ ದಿನ ರೊಟ್ಟಿ ಬಡಿಯುವ ಹೆಂಗಸಿನ ಕೈ ಹೇಗೆ ಓಡುತ್ತದೆಯೋ ಹಾಗೆ. ನೂರು ರೊಟ್ಟಿಯಲ್ಲಿ ನಾಲ್ಕು ಸೊಟ್ಟಗಾಗುವುದಿಲ್ಲವೇ?

ಕೆಲವೊಮ್ಮೆ ಒತ್ತಿದ ನಾಣ್ಯ ಮೇಲಿನ ಅಚ್ಚಿಗೇ ಅಂಟಿಕೊಳ್ಳುತ್ತಿತ್ತು. ಕೆಲಸಗಾರ ಗಮನಿಸದೆ ಮುಂದಿನ ಬಿಲ್ಲೆ ಇಟ್ಟು ಸುತ್ತಿಗೆ ಬಡಿದುಬಿಡುತ್ತಿದ್ದ. ಆಗ ಕೆಳಗಿನಿಂದ ಚಕ್ರವರ್ತಿಯ ಮುಖ ಸರಿಯಾಗಿ ಉಬ್ಬಿ ಬರುತ್ತಿತ್ತು. ಮೇಲಿನಿಂದ ಅಂಟಿದ್ದ ನಾಣ್ಯದ ಅದೇ ಮುಖ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡುತ್ತಿತ್ತು. ಒಂದು ಬದಿ ಉಬ್ಬು, ಇನ್ನೊಂದು ಬದಿ ಅದೇ ಮುಖದ ಹಳ್ಳ. ಇಂಥ ರೋಮನ್ ನಾಣ್ಯಗಳು ಇಂದಿಗೂ ಸಾಕಷ್ಟು ಉಳಿದಿವೆ. ಸುತ್ತಿಗೆ ಬಿದ್ದ ಮೇಲೆ ಬಿಲ್ಲೆ ಸ್ವಲ್ಪ ಸರಿದು ಎರಡನೆಯ ಏಟು ಬಿದ್ದರೆ ಚಕ್ರವರ್ತಿಗೆ ಎರಡು ಮೂಗು, ಎರಡು ಗಲ್ಲ. ಬಿಲ್ಲೆ ಅಚ್ಚಿನ ನಡುವೆ ಕೂರದಿದ್ದರೆ ಮುಖ ಒಂದು ಅಂಚಿಗೆ ಹೋಗಿ, ಉಳಿದ ಭಾಗ ಹುಣ್ಣಿಮೆಗೆ ಮುಂಚಿನ ಚಂದ್ರನಂತೆ ಖಾಲಿ. ಒಬ್ಬ ಅರಸನ ಮುಖದ ಅಚ್ಚಿಗೆ ಇನ್ನಾವುದೋ ನಾಣ್ಯದ ಹಿಂಬದಿಯ ಅಚ್ಚು ಜೋಡಿಯಾಗಿ, ಎಂದೂ ಇರಬಾರದ ನಾಣ್ಯ ಹುಟ್ಟಿದ್ದೂ ಉಂಟು.

ಇವೆಲ್ಲ ಸುತ್ತಿಗೆಯವನ ತಪ್ಪುಗಳು. ಇದಕ್ಕಿಂತ ಮೊದಲೇ ಅಚ್ಚು ಕೆತ್ತುವವನ ತಪ್ಪೂ ಇರುತ್ತಿತ್ತು. ನಾಣ್ಯದ ಮೇಲೆ ಅಕ್ಷರ ನೇರವಾಗಿ ಬರಬೇಕಾದರೆ ಅಚ್ಚಿನಲ್ಲಿ ತಿರುಗಿಸಿ ಕೆತ್ತಬೇಕು. ಒಂದು ಅಕ್ಷರವನ್ನು ತಿರುಗಿಸಲು ಮರೆತರೆ ಮುಗಿಯಿತು, ಆ ಅಚ್ಚು ಸವೆಯುವವರೆಗೆ ಹುಟ್ಟುವ ಸಾವಿರಾರು ನಾಣ್ಯಗಳಲ್ಲೂ ಅದೇ ತಪ್ಪು. ಸುತ್ತಿಗೆಯ ತಪ್ಪು ಒಂದು ನಾಣ್ಯದ್ದು, ಕೆತ್ತನೆಯ ತಪ್ಪು ಒಂದು ವಂಶದ್ದು ಎನ್ನಬಹುದು.

ಹಾಗಾದರೆ ಈ ತಪ್ಪು ನಾಣ್ಯಗಳನ್ನು ಟಂಕಸಾಲೆಯಿಂದ ಹೊರಗೆ ಬಿಟ್ಟದ್ದೇಕೆ? ಉತ್ತರ ಸರಳ. ಆಗ ನಾಣ್ಯದ ಬೆಲೆ ಅದರ ಬೆಳ್ಳಿಯಲ್ಲೂ ಇತ್ತು. ಚಕ್ರವರ್ತಿಗೆ ಎರಡು ಮೂಗು ಬಂದರೆ ಬೆಳ್ಳಿ ಕಡಿಮೆಯಾಗುವುದಿಲ್ಲ.

ನಮ್ಮ ನಾಡಿಗೆ ಬಂದ ರೋಮನ್ ನಾಣ್ಯ

ಮೆಣಸು, ಮುತ್ತು, ನಯವಾದ ಬಟ್ಟೆಗಾಗಿ ರೋಮನ್ ವ್ಯಾಪಾರಿಗಳು ಬೆಳ್ಳಿ ಬಂಗಾರವನ್ನು ಭಾರತಕ್ಕೆ ಸುರಿದರು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ 163 ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. ಅಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ರೋಮನ್ ನಾಣ್ಯ ಸಿಕ್ಕಿವೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕಿದ್ದು 46 ಬಂಗಾರದ ನಾಣ್ಯ. ಅವುಗಳಲ್ಲಿ ಬಹುಪಾಲು ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಪೂರ್ವ ರೋಮನ್ ಅರಸರ ಕಾಲದವು.

ಅಕ್ಕಿಆಲೂರಿನ ನಾಣ್ಯಗಳಲ್ಲಿ ಅನೇಕವುಗಳಿಗೆ ತೂತು ಕೊರೆಯಲಾಗಿದೆ. ಇದು ಟಂಕಸಾಲೆಯ ತಪ್ಪಲ್ಲ. ಯಾರೋ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದರ ಗುರುತು. ಅಂದರೆ ನಮ್ಮ ನಾಡಿನ ಯಾವುದೋ ಹೆಣ್ಣುಮಗಳ ಎದೆಯ ಮೇಲೆ ಆ ದೂರದ ಅರಸ ಕುಳಿತಿದ್ದ. ಭಾರತದಲ್ಲಿ ಸಿಕ್ಕ ಕೆಲವು ರೋಮನ್ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಉಳಿಯಿಂದ ಕಚ್ಚು ಹಾಕಿರುತ್ತಾರೆ. ಅದೂ ಟಂಕಸಾಲೆಯ ತಪ್ಪಲ್ಲ, ಬೇಕೆಂದೇ ಹಾಕಿದ್ದು. ಏಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇಲ್ಲಿನ ಅಕ್ಕಸಾಲಿಗರು ರೋಮನ್ ಬಂಗಾರದ ನಾಣ್ಯ ನೋಡಿ ತಾವೇ ಅಂಥದ್ದನ್ನು ಮಾಡಿದರು. ಮುಖ ಚೆನ್ನಾಗಿಯೇ ಬಂತು. ಸುತ್ತಲಿನ ಲ್ಯಾಟಿನ್ ಅಕ್ಷರ ಅವರಿಗೆ ಓದಲು ಬರುತ್ತಿರಲಿಲ್ಲ. ಹೀಗಾಗಿ ಕಡ್ಡಿ, ಕೊಕ್ಕೆ, ಸೊನ್ನೆಗಳ ಸಾಲು ಎಳೆದುಬಿಟ್ಟರು. ಓದಲು ಬಾರದವರು ಅರಬಿ ಫಲಕವನ್ನು ಚಿತ್ರದಂತೆ ನಕಲು ಮಾಡಿದರೆ ಹೇಗಿರುತ್ತದೆಯೋ ಹಾಗೆ. ಇದೇ ಕಥೆ ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ಮತ್ತೊಮ್ಮೆ ನಡೆಯಿತು. ನಮ್ಮ ಗಡಿಯ ತಾಲೂಕುಗಳಲ್ಲಿ ಹೆಂಗಸರು ಧರಿಸುವ ಪುತಳಿ ಸರ ಗೊತ್ತಲ್ಲ? ಪುತಳಿ ಎಂಬ ಹೆಸರು ಮೂಲತಃ ಇಟಲಿಯ ವೆನಿಸ್ ನಗರದ ಬಂಗಾರದ ನಾಣ್ಯಕ್ಕೆ ನಮ್ಮವರು ಇಟ್ಟದ್ದು. ಅದರ ಮೇಲೆ ನಿಂತ ಗೊಂಬೆಯಂಥ ಆಕೃತಿಗಳಿದ್ದವು. ಇಲ್ಲಿ ನಕಲು ಮಾಡುತ್ತ ಹೋದಂತೆ ಅದರ ಲ್ಯಾಟಿನ್ ಅಕ್ಷರಗಳೂ ಅರ್ಥವಿಲ್ಲದ ಗೀರುಗಳಾದವು.

ದೀನಾರ್ ಎಂಬ ಪದ ರೋಮನ್ನರ 'ಡಿನಾರಿಯಸ್'ನಿಂದ ಬಂದದ್ದು. ಪವಿತ್ರ ಕುರ್‌ಆನಿನ ಆಲಿ ಇಮ್ರಾನ್ ಅಧ್ಯಾಯದಲ್ಲಿ ದೀನಾರ್, ಯೂಸುಫ್ ಅಧ್ಯಾಯದಲ್ಲಿ ದಿರ್ಹಮ್ ಪ್ರಸ್ತಾಪವಾಗುತ್ತವೆ. ಅರಬರಿಗೆ ಆಗ ಸ್ವಂತ ಟಂಕಸಾಲೆ ಇರಲಿಲ್ಲ. ಮಕ್ಕಾದ ವರ್ತಕರು ಬಳಸುತ್ತಿದ್ದದ್ದು ಪೂರ್ವ ರೋಮನ್ನರ ಬಂಗಾರವನ್ನು ಮತ್ತು ಪರ್ಷಿಯಾದ ಬೆಳ್ಳಿಯನ್ನು. ಅಕ್ಷರಗಳು ಮಾತ್ರ ಇರುವ, ಯಾರ ಮುಖವೂ ಇಲ್ಲದ ದೀನಾರನ್ನು ಖಲೀಫ ಅಬ್ದುಲ್ ಮಲಿಕ್ ಹೊರಡಿಸಿದ್ದು ಹಿಜರಿ 77ರಲ್ಲಿ, ಅಂದರೆ ಕ್ರಿ.ಶ. 696-97ರಲ್ಲಿ. ಅಂದಿನಿಂದ ಸಿಕ್ಕಾದ ಮೇಲೆ ಮುಖದ ಜಾಗವನ್ನು ಅಕ್ಷರ ಹಿಡಿಯಿತು. ಇದು ನಮ್ಮ ಕಥೆಗೆ ಬಹಳ ಮುಖ್ಯ. ಮುಖ ಅರ್ಧ ಕತ್ತರಿಸಿಹೋದರೂ ಗುರುತು ಸಿಗಬಹುದು. ಹೆಸರಿನ ಒಂದು ಅಕ್ಷರ ಕತ್ತರಿಸಿಹೋದರೆ ಅರಸನೇ ಬದಲಾಗಿಬಿಡುತ್ತಾನೆ!

ಭೀಮಾ ತೀರದಲ್ಲಿ

ಈಗ ನಮ್ಮೂರಿಗೆ ಬರೋಣ. ಅಫಜಲಪುರ, ಜೇವರ್ಗಿಗಳನ್ನು ದಾಟಿ ಹರಿಯುವ ಭೀಮಾ ನದಿಯ ದಡದಲ್ಲೇ, ಚಿತ್ತಾಪುರ ತಾಲೂಕಿನಲ್ಲಿ, ಸನ್ನತಿ ಇದೆ. ಅಲ್ಲಿನ ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ ಶಾತವಾಹನ ಅರಸರ ನಾಣ್ಯಗಳು ಸಿಕ್ಕಿವೆ. ಶಾತವಾಹನರದ್ದೇ ಒಂದು ಸೊಗಸಾದ ಉದಾಹರಣೆ ಮಹಾರಾಷ್ಟ್ರದ ನಾಸಿಕ್ ಬಳಿಯ ಜೋಗಲ್‌ತೆಂಬಿಯಲ್ಲಿ 1906ರಲ್ಲಿ ಸಿಕ್ಕಿತು. ಹದಿಮೂರು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು, ಎಲ್ಲವೂ ನಹಪಾನ ಎಂಬ ಅರಸನವು. ಒಂಬತ್ತು ಸಾವಿರಕ್ಕೂ ಹೆಚ್ಚಿನವುಗಳ ಮೇಲೆ ಅವನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚನ್ನು ಮತ್ತೆ ಒತ್ತಿಸಿದ್ದ. ಗೊತ್ತಿಲ್ಲದವರು ನೋಡಿದರೆ ಎರಡು ಬಾರಿ ಏಟು ಬಿದ್ದ ತಪ್ಪು ನಾಣ್ಯ ಎನ್ನುತ್ತಾರೆ. ವಾಸ್ತವದಲ್ಲಿ ಅದು ಒಂದು ಯುದ್ಧದ ಫಲಿತಾಂಶ.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾ ದೆಹಲಿಯಿಂದ ಬೇರೆಯಾಗಿ ದಖ್ಖನಿನಲ್ಲಿ ಸ್ವತಂತ್ರ ರಾಜ್ಯ ಕಟ್ಟಿದ. ಕಲಬುರಗಿ ಅದರ ರಾಜಧಾನಿಯಾಯಿತು, ಅಹ್ಸನಾಬಾದ್ ಎಂಬ ಹೆಸರು ಪಡೆಯಿತು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿ ಬೀದರಿಗೆ ಹೋಗುವವರೆಗೆ ಇಲ್ಲಿನ ಟಂಕಸಾಲೆಯ ಸುತ್ತಿಗೆ ಸದ್ದು ಮಾಡುತ್ತಲೇ ಇತ್ತು. ಹನ್ನೊಂದು ಗ್ರಾಂ ಆಸುಪಾಸಿನ ಬೆಳ್ಳಿ ಟಂಕಗಳ ಮೇಲೆ ಅಹ್ಸನಾಬಾದ್ ಎಂಬ ಹೆಸರು ಇಂದಿಗೂ ಸ್ಪಷ್ಟವಾಗಿ ಓದಲು ಸಿಗುತ್ತದೆ. ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಕಡೆ ಭೀಮಾ ತೀರದಲ್ಲಿ ಫಿರೋಜಾಬಾದ್ ಕೋಟೆಯ ಹಾಳು ಗೋಡೆಗಳಿವೆಯಲ್ಲ, ಅದನ್ನು ಕಟ್ಟಿಸಿದ ತಾಜುದ್ದೀನ್ ಫಿರೋಜ್ ಶಾನ ಟಂಕಗಳೂ ಅಹ್ಸನಾಬಾದಿನವೇ.

ಬೆಳ್ಳಿಯ ಮೇಲೆ ತೋರಿಸಿದ ಶ್ರದ್ಧೆಯನ್ನು ಟಂಕಸಾಲೆ ತಾಮ್ರದ ಮೇಲೆ ತೋರಿಸಲಿಲ್ಲ. ಸಂತೆಯಲ್ಲಿ ಉಪ್ಪು, ಎಣ್ಣೆ, ಸೊಪ್ಪು ಕೊಳ್ಳುವವರ ಕೈಯಲ್ಲಿ ಓಡಾಡಿದ್ದು ತಾಮ್ರ. ಅದರ ಬಿಲ್ಲೆ ಚಿಕ್ಕದು, ಅಚ್ಚು ದೊಡ್ಡದು. ಏಟು ಬಿದ್ದಾಗ ಬರಹದ ಒಂದು ಭಾಗ ಮಾತ್ರ ಬಿಲ್ಲೆಯ ಮೇಲೆ ಮೂಡಿ ಉಳಿದದ್ದು ಗಾಳಿಗೆ ಹೋಗುತ್ತಿತ್ತು. ಒಂದರಲ್ಲಿ ಬಿರುದು ಇದ್ದರೆ ಹೆಸರಿಲ್ಲ. ಇನ್ನೊಂದರಲ್ಲಿ ಹೆಸರಿನ ಬಾಲ ಇದೆ, ತಲೆ ಇಲ್ಲ. ಮಗದೊಂದರಲ್ಲಿ ಹಿಜರಿ ಇಸವಿಯ ಒಂದು ಅಂಕಿ ಮಾತ್ರ. ಇವನ್ನು ತಪ್ಪು ಎನ್ನಬೇಕೋ ಉಡಾಫೆ ಎನ್ನಬೇಕೋ! ಬಡವರ ನಾಣ್ಯಕ್ಕೆ ಇಷ್ಟು ಸಾಕು ಎಂದುಕೊಂಡಿದ್ದರೆಂದು ನನಗನಿಸುತ್ತದೆ.

ಇಂಥ ನಾಣ್ಯವನ್ನು ಓದುವ ದಾರಿ ಒಂದೇ. ಒಂದೇ ಅಚ್ಚಿನಿಂದ, ಅಥವಾ ಒಂದೇ ಬಗೆಯ ಅಚ್ಚಿನಿಂದ ಬಂದ ಹಲವು ನಾಣ್ಯಗಳನ್ನು ಪಕ್ಕಪಕ್ಕ ಇಡಬೇಕು. ಒಂದರಲ್ಲಿ ಎಡಭಾಗ ಸಿಗುತ್ತದೆ, ಇನ್ನೊಂದರಲ್ಲಿ ಬಲಭಾಗ, ಮೂರನೆಯದರಲ್ಲಿ ಕೆಳಗಿನ ಇಸವಿ. ಹರಿದ ಪತ್ರದ ಚೂರುಗಳನ್ನು ಜೋಡಿಸಿದ ಹಾಗೆ ಪೂರ್ತಿ ಬರಹ ಕೈಗೆ ಬರುತ್ತದೆ. ಆದ್ದರಿಂದ ಅಂಚಿಗೆ ಸರಿದ, ಅರ್ಧ ಮೂಡಿದ ನಾಣ್ಯ ಕೆಲವೊಮ್ಮೆ ಚೆಂದದ ನಾಣ್ಯಕ್ಕಿಂತ ಬೆಲೆಯುಳ್ಳದ್ದು. ಬೇರೆಲ್ಲ ನಾಣ್ಯಗಳಲ್ಲಿ ಕತ್ತರಿಸಿಹೋದ ಮೂಲೆ ಅದೊಂದರಲ್ಲೇ ಉಳಿದಿರಬಹುದು. ಅದು ಕರಗಿಹೋದರೆ ಆ ಚೂರು ಮತ್ತೆ ಸಿಗುವುದಿಲ್ಲ.

ಒಂದು 'ವಾವ್' ಅಕ್ಷರದ ವ್ಯಾಜ್ಯ

ಬಹಮನಿ ಇತಿಹಾಸವನ್ನು ನಮಗೆ ಹೇಳಿದವರಲ್ಲಿ ಅತಿ ಪ್ರಸಿದ್ಧ ಫರಿಶ್ತಾ. ವಿಜಾಪುರದ ಇಬ್ರಾಹಿಂ ಆದಿಲ್ ಶಾನ ಆಶ್ರಯದಲ್ಲಿ, ಹದಿನೇಳನೆಯ ಶತಮಾನದ ಆರಂಭದಲ್ಲಿ ತನ್ನ ಇತಿಹಾಸವನ್ನು ಬರೆದ. ಅವನ ಬರಹ ಕಥೆಯಂತೆ ಓದಿಸಿಕೊಂಡು ಹೋಗುತ್ತದೆ. ಬಹಮನಿ ಸುಲ್ತಾನರಲ್ಲಿ ಐದನೆಯವನ ಬಗ್ಗೆ ಅವನು ತುಂಬ ಪ್ರೀತಿಯಿಂದ ಬರೆದಿದ್ದಾನೆ. 1378ರಿಂದ 1397ರವರೆಗೆ ಆಳಿದ ಆ ಸುಲ್ತಾನ ಯುದ್ಧಕ್ಕಿಂತ ವಿದ್ಯೆಯನ್ನು ಮೆಚ್ಚಿದವನು. ಕಲಬುರಗಿ, ಬೀದರ್, ದೌಲತಾಬಾದ್ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗೆ ಶಾಲೆ ತೆರೆದನಂತೆ. ಬರಗಾಲದಲ್ಲಿ ಬೇರೆ ಪ್ರಾಂತಗಳಿಂದ ಧಾನ್ಯ ತರಿಸಿದನಂತೆ. ಶೀರಾಝಿನ ಕವಿ ಹಾಫಿಝನನ್ನು ದಖ್ಖನಿಗೆ ಆಹ್ವಾನಿಸಿದ್ದೂ, ಕವಿ ಹೊರಟು ಹೊರ್ಮುಝಿನಲ್ಲಿ ಸಮುದ್ರದ ಬಿರುಗಾಳಿಗೆ ಹೆದರಿ ಹಿಂದಿರುಗಿದ್ದೂ ಇವನ ಕಾಲದ ಕಥೆಯೇ.

ಇಷ್ಟೆಲ್ಲ ಬರೆದ ಫರಿಶ್ತಾ ಆ ಸುಲ್ತಾನನ ಹೆಸರನ್ನು ಮಾತ್ರ ಮಹಮೂದ್ ಶಾ ಎಂದು ಬರೆದ. ಅವನನ್ನು ನಂಬಿ ಬರೆದ ಪುಸ್ತಕಗಳಲ್ಲೆಲ್ಲ ಮಹಮೂದನೇ ಉಳಿದ. ಆದರೆ ಆ ವರ್ಷಗಳ ನಾಣ್ಯಗಳನ್ನು ಕೂಡಿಹಾಕಿ ಓದಿದಾಗ ಅವುಗಳ ಮೇಲೆ ಮಹಮೂದ್ ಇರಲಿಲ್ಲ. ಇದ್ದದ್ದು ಮುಹಮ್ಮದ್. ಶಾಸನಗಳೂ ಅದನ್ನೇ ಹೇಳಿದವು. ಇಂದು ಇತಿಹಾಸಕಾರರು ಅವನನ್ನು ಎರಡನೆಯ ಮುಹಮ್ಮದ್ ಶಾ ಎಂದೇ ಬರೆಯುತ್ತಾರೆ.

ಅರಬಿ ಲಿಪಿ ಬಲ್ಲ ಸಹೋದರಿಯರು ಒಮ್ಮೆ ಈ ಎರಡು ಹೆಸರುಗಳನ್ನು ಬರೆದು ನೋಡಿ. ಮೀಮ್, ಹಾ, ಮೀಮ್, ದಾಲ್ ಬರೆದರೆ ಮುಹಮ್ಮದ್. ಕೊನೆಯ ದಾಲ್‌ಗೆ ಮುಂಚೆ ಒಂದು ವಾವ್ ಸೇರಿಸಿದರೆ ಮಹಮೂದ್. ಇಡೀ ವ್ಯತ್ಯಾಸ ಒಂದು ವಾವ್. ನಾಣ್ಯದ ಅಂಚಿನಲ್ಲಿ ಆ ಜಾಗ ಸವೆದಿದ್ದರೆ, ಏಟು ಸರಿದು ಅಲ್ಲಿ ಎರಡು ಗೆರೆ ಬಿದ್ದಿದ್ದರೆ, ವಾವ್ ಇದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ಒಂದು ನಾಣ್ಯ ನೋಡಿ ಹೇಳಲಾಗದು. ಹತ್ತು ನೋಡಿದರೆ ಹೇಳಬಹುದು. ಎರಡು ಶತಮಾನದ ನಂತರ ಪುಸ್ತಕ ಬರೆದ ವಿದ್ವಾಂಸನಿಗಿಂತ, ಅಂದೇ ಸಂತೆಗೆ ಹೋಗಿಬಂದ ಬಿಲ್ಲೆಗಳ ಗುಂಪು ಒಳ್ಳೆಯ ಸಾಕ್ಷಿಯಾಯಿತು.

ನಿಮ್ಮ ಹೊಲದ ಉಳುಮೆಯಲ್ಲಿ ಎದ್ದ ಬಿಲ್ಲೆ ಈ ಮುಹಮ್ಮದ್ ಶಾನದ್ದೇ ಇರಬೇಕೆಂದಿಲ್ಲ. ಆದರೆ ನಮ್ಮ ಈ ಮೂರು ತಾಲೂಕುಗಳು ಆ ಟಂಕಸಾಲೆಯ ಅಂಗಳದಂತಿದ್ದವು. ಇಲ್ಲಿ ಸಿಗದಿದ್ದರೆ ಇನ್ನೆಲ್ಲಿ ಸಿಗಬೇಕು?

ಬಹಮನಿಗಳ ನಂತರ ವಿಜಾಪುರದ ಆದಿಲ್ ಶಾಹಿಗಳು ಬಂದರು. ಅವರ ಒಂದು ನಾಣ್ಯವನ್ನು ನಮ್ಮ ಹೆಂಗಸರು ಖಂಡಿತ ನಾಣ್ಯ ಎನ್ನಲಾರರು. ಲಾರಿ ಎಂದು ಅದರ ಹೆಸರು. ಬೆಳ್ಳಿಯ ತಂತಿಯನ್ನು ಎರಡಾಗಿ ಮಡಚಿ ಅದರ ಮೇಲೆ ಅಚ್ಚು ಒತ್ತಿದ್ದು. ನೋಡಲು ಥೇಟ್ ಕೂದಲಿಗೆ ಹಾಕುವ ಪಿನ್ನು! ಎರಡನೆಯ ಅಲಿ ಆದಿಲ್ ಶಾನ ಹೆಸರಿನ ಲಾರಿಗಳು ಪ್ರಸಿದ್ಧ. ತಂತಿ ಅಗಲವಿಲ್ಲದ್ದರಿಂದ ಪೂರ್ತಿ ಬರಹ ಯಾವುದರಲ್ಲೂ ಇಲ್ಲ. ಅಫಜಲಪುರ ಕಡೆಯ ಯಾವುದಾದರೂ ಹಳೆಯ ಮನೆಯ ಡಬ್ಬಿಯಲ್ಲಿ 'ಮುರಿದ ಬೆಳ್ಳಿ ಪಿನ್ನು' ಇದ್ದರೆ ಕರಗಿಸುವ ಮುನ್ನ ಭೂತಗನ್ನಡಿ ಹಿಡಿದು ನೋಡುವುದು ಒಳ್ಳೆಯದು. ವಿಜಾಪುರ ಬಿದ್ದ ನಂತರ ಔರಂಗಝೇಬನ ಹೆಸರಿನ ರೂಪಾಯಿಗಳೂ ಅಹ್ಸನಾಬಾದಿನಲ್ಲಿ ಅಚ್ಚಾದವು.

ನಿಜಾಮರ ಚಾರ್‌ಮಿನಾರ್

ನಮ್ಮ ಮನೆಗಳಲ್ಲಿ ಹೆಚ್ಚು ಉಳಿದಿರುವುದು ನಿಜಾಮರ ನಾಣ್ಯ. ಆರನೆಯ ನಿಜಾಮ್ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹೈದರಾಬಾದಿನ ಸೈಫಾಬಾದ್ ಟಂಕಸಾಲೆಯಲ್ಲಿ ಯಂತ್ರ ಬಂತು. ಸೊಟ್ಟ ರೂಪಾಯಿ ಹೋಗಿ ಗುಂಡಗಿನ, ಅಂಚಿಗೆ ಗೀರುಳ್ಳ ಚಾರ್‌ಮಿನಾರ್ ರೂಪಾಯಿ ಬಂತು. ಈಗ ಆ ಹಳೆಯ ಟಂಕಸಾಲೆ ವಸ್ತುಸಂಗ್ರಹಾಲಯವಾಗಿದೆ. 2022ರಲ್ಲಿ ಸಾರ್ವಜನಿಕರಿಗೆ ತೆರೆದರು.

ಈ ನಾಣ್ಯಗಳಲ್ಲಿ ಜನ ತಪ್ಪು ಎಂದು ತಿಳಿಯುವ ಎರಡು ಸಂಗತಿಗಳಿವೆ. ಎರಡೂ ತಪ್ಪಲ್ಲ. ಮೊದಲನೆಯದು 92 ಎಂಬ ಅಂಕಿ. ನಿಜಾಮುಲ್ ಮುಲ್ಕ್, ಆಸಫ್ ಜಾಹ್ ಎಂಬ ಬಿರುದುಗಳ ಜೊತೆ ಈ ಅಂಕಿ ಇರುತ್ತದೆ. ಅದನ್ನು ಇಸವಿ ಎಂದುಕೊಂಡವರು 'ಅರ್ಧ ಇಸವಿ ಮಾತ್ರ ಅಚ್ಚಾಗಿದೆ' ಎನ್ನುತ್ತಾರೆ. ಅದು ಇಸವಿಯೇ ಅಲ್ಲ. ಅಬ್ಜದ್ ಲೆಕ್ಕದಲ್ಲಿ ಮೀಮ್‌ಗೆ 40, ಹಾಗೆ 8, ಮತ್ತೆ ಮೀಮ್‌ಗೆ 40, ದಾಲ್‌ಗೆ 4. ಕೂಡಿದರೆ 92, ಅಂದರೆ ಪ್ರವಾದಿ ಮುಹಮ್ಮದರ(ಸ) ಹೆಸರು. ಬಿಸ್ಮಿಲ್ಲಾಗೆ 786 ಎಂದು ಲೆಕ್ಕ ಹಾಕುತ್ತಾರಲ್ಲ, ಅದೇ ಬಗೆ. ಮೇಲಿನ ವ್ಯಾಜ್ಯದ ವಾವ್ ಇಲ್ಲಿ ಸೇರಿದ್ದರೆ ಲೆಕ್ಕಕ್ಕೆ ಇನ್ನೂ ಆರು ಬಂದು 98 ಆಗುತ್ತಿತ್ತು!

ಎರಡನೆಯದು ಚಾರ್‌ಮಿನಾರಿನ ಬಾಗಿಲಲ್ಲಿರುವ ಪುಟ್ಟ ಅಕ್ಷರ. ಮಹಬೂಬ್ ಅಲಿ ಖಾನರ ನಾಣ್ಯದಲ್ಲಿ ಅಲ್ಲಿ ಮೀಮ್ ಇದೆ. 1911ರಲ್ಲಿ ಅವರು ತೀರಿಕೊಂಡು ಉಸ್ಮಾನ್ ಅಲಿ ಖಾನರು ಬಂದ ಮೇಲೆ ಅದೇ ಬಾಗಿಲಿಗೆ ಐನ್ ಬಂತು. ಮೊದಲು ಬಂದ ಕೆಲವು ನಾಣ್ಯಗಳಲ್ಲಿ ಆ ಐನ್ ಮೊಟಕಾಗಿದೆ, ಬಾಗಿಲನ್ನು ತುಂಬುವುದಿಲ್ಲ. ಬಳಿಕದ ಅಚ್ಚುಗಳಲ್ಲಿ ಪೂರ್ತಿ ಐನ್ ಇದೆ. ಸಂಗ್ರಹಕಾರರು ಇವೆರಡನ್ನು ಬೇರೆ ಬೇರೆ ಬಗೆ ಎಂದು ಎಣಿಸುತ್ತಾರೆ. ಮೊಟಕು ಐನನ್ನು 'ಅಚ್ಚು ತಪ್ಪಿದ್ದು' ಎಂದು ಕಸಕ್ಕೆ ಎಸೆಯಬೇಕಾಗಿಲ್ಲ, ಅದಕ್ಕೆ ಲಕ್ಷ ಲಕ್ಷ ಸಿಗುತ್ತದೆಂದು ಕನಸು ಕಾಣಬೇಕಾಗಿಯೂ ಇಲ್ಲ.

ನಡುವೆ ತೂತಿರುವ ಎರಡು ಪೈ ನಾಣ್ಯವೂ ಹಾಗೆಯೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹದ ಅಭಾವವಿತ್ತು. ತೂತು ಆ ನಾಣ್ಯದ ವಿನ್ಯಾಸದ ಭಾಗ. ತೂತು ನಡುವೆ ಇಲ್ಲದೆ ಬದಿಗೆ ಸರಿದಿದ್ದರೆ, ಅಥವಾ ಇರಲೇ ಇಲ್ಲದಿದ್ದರೆ, ಆಗ ಅದು ಟಂಕಸಾಲೆಯ ನಿಜವಾದ ತಪ್ಪು. ಹಾಲಿ ಸಿಕ್ಕಾದ ಚಲಾವಣೆ 1959ರ ಹೊತ್ತಿಗೆ ಪೂರ್ತಿ ನಿಂತಿತು. ಆಗ ಎಷ್ಟೋ ಮನೆಯ ಬೆಳ್ಳಿ ರೂಪಾಯಿಗಳು ಕಾಲ್ಗೆಜ್ಜೆಗಳಾದವು.

ತಪ್ಪು ಯಾರದು?

ಪೆಟ್ಟಿಗೆ ತೆರೆದು ನೋಡುವ ಸಹೋದರಿಯರಿಗೆ ಒಂದೆರಡು ಮಾತು. ಟಂಕಸಾಲೆಯ ತಪ್ಪು ಲೋಹ ಮೆತ್ತಗಿದ್ದಾಗ, ಅಚ್ಚಿನ ಏಟಿನಲ್ಲೇ ಆದದ್ದು. ಎರಡು ಬಾರಿ ಮೂಡಿದ ಗೆರೆಯೂ ಉಬ್ಬಾಗಿ, ಉಳಿದ ಗೆರೆಗಳಷ್ಟೇ ಹಳೆಯದಾಗಿ ಕಾಣುತ್ತದೆ. ನಂತರ ಬಿದ್ದ ಗೀರು, ಕಚ್ಚು, ಜಜ್ಜಿದ ಗುರುತು ಒಳಕ್ಕೆ ತಗ್ಗಾಗಿರುತ್ತದೆ. ಆಭರಣಕ್ಕೆ ಕೊಂಡಿ ಬೆಸೆದ ಗುರುತು ಅಂಚಿನಲ್ಲಿ ಗಂಟಿನಂತೆ ಉಳಿದಿರುತ್ತದೆ. ಎರಡೂ ಬದಿಗೆ ಒಂದೇ ಮುಖ ಉಬ್ಬಾಗಿರುವ ಯಂತ್ರಯುಗದ ನಾಣ್ಯ ತೋರಿಸಿ ಯಾರಾದರೂ ಹಣ ಕೇಳಿದರೆ ಅಂಚನ್ನು ಗಮನಿಸಿ. ಎರಡು ನಾಣ್ಯಗಳನ್ನು ತೇದು ಅಂಟಿಸಿದ ಗೆರೆ ಸಿಗುವುದೇ ಹೆಚ್ಚು.

ಹುಣಸೆಹಣ್ಣು, ಬೂದಿ, ನಿಂಬೆರಸ ಬೇಡವೇ ಬೇಡ. ಈದ್‌ಗೆ ಹಿತ್ತಾಳೆ ಪಾತ್ರೆ ಉಜ್ಜಿದ ಹಾಗೆ ತಾಮ್ರದ ಕಾಸು ಉಜ್ಜಿದರೆ ಮೇಲಿನ ಹಸಿರು ಕಂದು ಪದರದ ಜೊತೆ ಅಂಚಿನಲ್ಲಿ ಉಳಿದಿದ್ದ ಅರ್ಧ ಅಕ್ಷರವೂ ಹೋಗುತ್ತದೆ. ಆ ಅರ್ಧ ಅಕ್ಷರದ ಬೆಲೆ ಏನೆಂದು ಮೇಲೆ ನೋಡಿದೆವಲ್ಲ.

ಇನ್ನು ಮೊಬೈಲಿನಲ್ಲಿ ಬರುವ ಆಮಿಷ. 'ನಿಮ್ಮ ಹಳೆಯ ನಾಣ್ಯಕ್ಕೆ ಹತ್ತು ಲಕ್ಷ, 786 ನಂಬರಿನ ನೋಟಿಗೆ ಮೂರು ಲಕ್ಷ' ಎಂಬ ಜಾಹೀರಾತು ನೋಡಿ ಮೋಸ ಹೋದವರಿದ್ದಾರೆ. ಮೊದಲು ಫೋಟೋ ಕೇಳುತ್ತಾರೆ, ಹೊಗಳುತ್ತಾರೆ, ಆಮೇಲೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ನಮ್ಮಿಂದಲೇ ಹಣ ಕಳಿಸಿಕೊಳ್ಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿತು. ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ಇಷ್ಟು ನೆನಪಿದ್ದರೆ ಸಾಕು.

ಹಿರಿಯರಿಂದ ಬಂದ ನಾಣ್ಯ ನಿಮ್ಮದು. ಹೊಲ ಉಳುವಾಗ, ಪಾಯ ಅಗೆಯುವಾಗ ಗಂಟು ಸಿಕ್ಕರೆ ಮಾತು ಬೇರೆ. ನಿಧಿ ಕಾಯ್ದೆಯ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ತಹಶೀಲ್ದಾರರ ಮೂಲಕ ತಿಳಿಸಿದರೂ ಆಯಿತು. ಬಚ್ಚಿಟ್ಟರೆ ಅಪರಾಧ, ತಿಳಿಸಿದವರಿಗೆ ಪಾಲು ಅಥವಾ ಪರಿಹಾರದ ವ್ಯವಸ್ಥೆ ಕಾಯ್ದೆಯಲ್ಲೇ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಗಲ್ಫ್‌ನಲ್ಲಿರುವ ಬಂಧುಗಳಿಗೆ ಉಡುಗೊರೆ ಎಂದು ಬ್ಯಾಗಿನಲ್ಲಿ ಹಾಕಿ ಕಳಿಸುವ ಹಾಗಿಲ್ಲ. ಓದಿಸಬೇಕೆಂದರೆ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಬಹುದು. ಅದಕ್ಕೂ ಮೊದಲು ಮದ್ರಸಾದಲ್ಲಿ ಅರಬಿ ಕಲಿತ ಮನೆಯ ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟು ನೋಡಿ. ಮೀಮ್, ಹಾ, ದಾಲ್ ಅವರಿಗೆ ಬೇಗ ಕಣ್ಣಿಗೆ ಬೀಳುತ್ತವೆ.

ಎತ್ತಿಡುವಾಗ ಒಂದೊಂದು ನಾಣ್ಯಕ್ಕೂ ಒಂದೊಂದು ಕಾಗದದ ಲಕೋಟೆ ಮಾಡಿ. ಮೆತ್ತಗಿನ ಪ್ಲಾಸ್ಟಿಕ್ ಚೀಲ ಬೇಡ, ಅದರಿಂದ ತಾಮ್ರದ ಮೇಲೆ ಹಸಿರು ಅಂಟು ಏಳುತ್ತದೆ. ಲಕೋಟೆಯ ಮೇಲೆ ಯಾರ ಪೆಟ್ಟಿಗೆಯದು, ಯಾವ ಊರು, ಹೊಲದ್ದಾದರೆ ಯಾವ ಹೊಲ ಎಂದು ಬರೆದಿಡಿ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ.